ನಾಗಪುರಕ್ಕೆ ಟಿ.ಸಿ.

2025ರ ಜನವರಿ 18, ಶನಿವಾರ. ಸಂಕ್ರಾಂತಿ ರಜೆ ಇನ್ನೂ ಮುಗಿದಿರಲಿಲ್ಲ. ಮಡಕಶಿರಾ ಸೀಮೆಯ ಅಗಳಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮಕ್ಕನ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಹುರಿದ ಕಡ್ಲೆಕಾಯಿ ಹರಡಿತ್ತು. ನಮ್ಮ ರಾಯದುರ್ಗದ ಕಡೆ ಅದನ್ನು ಶೇಂಗಾ ಅನ್ನುತ್ತೇವೆ. ಅಕ್ಕ ಆ ಮನೆ ಸೇರಿ ಇಪ್ಪತ್ತು ವರ್ಷವಾದರೂ ಆ ಎರಡು ಹೆಸರಿನ ಜಗಳ ಮುಗಿದಿಲ್ಲ. ನೀರಿನ ಚೊಂಬಿಗೆ ಒರಗಿಸಿಟ್ಟ ಫೋನಿನಲ್ಲಿ ವಡೋದರದ ಪಂದ್ಯ ಬರುತ್ತಿತ್ತು. ವಿಜಯ್ ಹಜಾರೆ ಟ್ರೋಫಿಯ ಫೈನಲ್, ಕರ್ನಾಟಕದ ಎದುರು ವಿದರ್ಭ. ವಿದರ್ಭದ ನಾಯಕ ಕರುಣ್ ನಾಯರ್.

ಅಕ್ಕನ ಮಗ ಆಗ ಒಂಬತ್ತನೇ ತರಗತಿ. ಕನ್ನಡ ಮಾಧ್ಯಮದಲ್ಲಿ ಓದುವ ಆಂಧ್ರದ ಹುಡುಗ. ಬೆಳಗಿನಿಂದ ಒಂದೇ ಪ್ರಶ್ನೆ ಹಿಡಿದು ಕೂತಿದ್ದ. "ಮಾವ, ಈಗ ನಾವು ಯಾರ ಕಡೆ ಇರ್ಬೇಕು?"

ಕರ್ನಾಟಕದ ಕಡೆ ಅಂದೆ. "ಹಂಗಾದ್ರೆ ಕರುಣ್ ಔಟಾಗ್ಲಿ ಅನ್ನಬೇಕಾ?" ಅಂದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಆ ಟೂರ್ನಿಯಲ್ಲಿ ಅಲ್ಲಿಯವರೆಗೆ ಕರುಣ್ ಏಳು ಇನಿಂಗ್ಸ್ ಆಡಿದ್ದರು, ಔಟಾಗಿದ್ದು ಒಂದೇ ಸಲ, ಹೊಡೆದದ್ದು 752 ರನ್. ಕರ್ನಾಟಕ ಅಂದು 348 ರನ್ ಪೇರಿಸಿತ್ತು. ಬೆನ್ನಟ್ಟಿದ ವಿದರ್ಭದ ಪಾಲಿಗೆ ಕರುಣ್ ನಿಂತರೆ ಮಾತ್ರ ಆಸೆ. 27 ರನ್ ಆಗಿದ್ದಾಗ ಪ್ರಸಿದ್ಧ ಕೃಷ್ಣ ಅವರ ಎಸೆತ ವಿಕೆಟ್ ಉರುಳಿಸಿತು. ಬೌಲ್ ಮಾಡಿದವರು ಬೆಂಗಳೂರಿನವರು, ಔಟಾದವರೂ ಬೆಂಗಳೂರಿನವರೇ. ಕರ್ನಾಟಕ 36 ರನ್ನುಗಳಿಂದ ಗೆದ್ದು ಐದನೇ ಸಲ ಆ ಟ್ರೋಫಿ ಎತ್ತಿತು. ಹುಡುಗ ಚಪ್ಪಾಳೆ ತಟ್ಟಿದ, ಆಮೇಲೆ ಸುಮ್ಮನೆ ಒಳಗೆ ಹೋಗಿ ಕೂತ.

ಅವನಿಗೆ ಅರ್ಥವಾಗುವ ಹಾಗೆ ಕರುಣ್ ಕಥೆ ಹೇಳಲು ನನಗೆ ಸಿಕ್ಕ ಪದ ಟಿ.ಸಿ. ನಮ್ಮ ಗಡಿ ಊರುಗಳ ಮಕ್ಕಳಿಗೆ ಇದಕ್ಕಿಂತ ಪರಿಚಿತವಾದ ಕಾಗದ ಇನ್ನೊಂದಿಲ್ಲ. ಇಲ್ಲಿ ಕನ್ನಡದಲ್ಲಿ ಹತ್ತನೇ ತರಗತಿ ಮುಗಿಸಿದವರು ಟಿ.ಸಿ. ತಗೊಂಡು ಸಿರಾ, ತುಮಕೂರು, ಪಾವಗಡ, ಬಳ್ಳಾರಿ ಎಂದು ಹೊರಡುತ್ತಾರೆ. ನಾನೂ ರಾಯದುರ್ಗದಿಂದ ಹಾಗೆಯೇ ಬಳ್ಳಾರಿಗೆ ಹೋದವನು. ಹೊಸ ಕಾಲೇಜಿನ ಮೊದಲ ವರ್ಷ ಹೇಗಿರುತ್ತದೆಂದು ಗೊತ್ತು. ಹಾಜರಿ ಪುಸ್ತಕದಲ್ಲಿ ಹೆಸರು ಕೊನೆಗೆ ಕೈಬರಹದಲ್ಲಿ ಸೇರಿರುತ್ತದೆ. ಬೆಂಚುಗಳೆಲ್ಲ ಮೊದಲೇ ಹಂಚಿಹೋಗಿರುತ್ತವೆ.

ಊರುಗಳಿಗೂ ಟಿ.ಸಿ. ಸಿಗುವುದುಂಟು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಬಂತು. ಆದರೆ ಅದೇ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ರಾಯದುರ್ಗ ಅನಂತಪುರ ಜಿಲ್ಲೆಯ ಪಟ್ಟಿಗೆ ಸೇರಿತು. ಮಡಕಶಿರಾ ನಕ್ಷೆಯಲ್ಲಿ ಕರ್ನಾಟಕದೊಳಕ್ಕೆ ಚಾಚಿದ ಬೆರಳಿನ ಹಾಗಿದೆ. ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಇದೇ ಸೀಮೆಯಲ್ಲಿದೆ. ಆ ಮಡಕಶಿರಾ ಕೂಡ 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆಯಿಂದ ಹೊರಬಿದ್ದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು.

ಗಡಿ ಕ್ರಿಕೆಟ್ಟಿಗೂ ಉಂಟು. ಪಾವಗಡದ ಹುಡುಗ ಚೆನ್ನಾಗಿ ಆಡಿದರೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ತುಮಕೂರು ವಲಯ. ಅವನ ಜೊತೆಯಲ್ಲೇ ಟೆನಿಸ್ ಚೆಂಡಿನ ಪಂದ್ಯ ಆಡುವ ಮಡಕಶಿರಾದ ಹುಡುಗನಿಗೆ ಆಂಧ್ರ ಸಂಸ್ಥೆಯ ದಕ್ಷಿಣ ವಲಯ. ನಮ್ಮ ಹುಡುಗರಿಗೆ ಹತ್ತಿರದ ದೊಡ್ಡ ಮೈದಾನವೆಂದರೆ ಅನಂತಪುರದ ಆರ್‌ಡಿಟಿಯದು. ವಿನ್ಸೆಂಟ್ ಫೆರರ್ 1969ರಲ್ಲಿ ಕಟ್ಟಿದ ಸಂಸ್ಥೆ ಅದು. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ದುಲೀಪ್ ಟ್ರೋಫಿ ನಡೆದಾಗ ಅಕ್ಕನ ಮಗ ಒಂದು ದಿನ ಶಾಲೆ ಬಿಟ್ಟು ಹೋಗಿ ನೋಡಿ ಬಂದಿದ್ದ. ಆ ಸಲ ಇಂಡಿಯಾ 'ಎ' ತಂಡಕ್ಕೆ ಕಪ್ ಗೆದ್ದುಕೊಟ್ಟವರು ಮಯಂಕ್ ಅಗರವಾಲ್. ನಾಲ್ಕು ತಿಂಗಳ ನಂತರ ವಡೋದರದಲ್ಲಿ ಕರುಣ್ ಎದುರು ಕರ್ನಾಟಕದ ನಾಯಕರಾಗಿ ನಿಂತವರೂ ಅವರೇ.

ಈಗ ಕರುಣ್ ಕಥೆಗೆ ಬರುತ್ತೇನೆ.

1991ರ ಡಿಸೆಂಬರ್ 6ರಂದು ಜೋಧಪುರದಲ್ಲಿ ಹುಟ್ಟು. ತಂದೆತಾಯಿ ಮಲಯಾಳಿಗಳು. ಬೆಳೆದದ್ದು, ಆಟ ಕಲಿತದ್ದು ಬೆಂಗಳೂರು. ಕರ್ನಾಟಕಕ್ಕೆ ರಣಜಿ ಆಡಿದ ಮೊದಲ ವರ್ಷ 2013–14ರಲ್ಲೇ ತಂಡ ಚಾಂಪಿಯನ್. ಮರುವರ್ಷದ ಫೈನಲ್ 2015ರ ಮಾರ್ಚ್‌ನಲ್ಲಿ ವಾಂಖೆಡೆಯಲ್ಲಿ ತಮಿಳುನಾಡಿನ ಎದುರು ನಡೆಯಿತು. ಕರ್ನಾಟಕ 84 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಅಲ್ಲಿಂದ ಕರುಣ್ ಮತ್ತು ಕೆ.ಎಲ್. ರಾಹುಲ್ 386 ರನ್ ಸೇರಿಸಿದರು. ಕರುಣ್ 328ಕ್ಕೆ ಔಟಾದರು. ರಣಜಿ ಫೈನಲ್‌ನಲ್ಲಿ ಅಷ್ಟು ರನ್ ಅದಕ್ಕೆ ಮೊದಲು ಯಾರೂ ಹೊಡೆದಿರಲಿಲ್ಲ. 1946–47ರ ಫೈನಲ್‌ನಲ್ಲಿ ಗುಲ್ ಮಹಮ್ಮದ್ ಹೊಡೆದಿದ್ದ 319 ರನ್ನಿನ ದಾಖಲೆ ಅಂದು ಅಳಿಯಿತು.

2016 ಅವರ ಬದುಕಿನ ವಿಚಿತ್ರ ವರ್ಷ. ಜುಲೈಯಲ್ಲಿ ಕೇರಳದ ಪಂಪಾ ನದಿಯಲ್ಲಿ ದೇವಸ್ಥಾನಕ್ಕೆ ಹೊರಟಿದ್ದ ದೋಣಿ ಮಗುಚಿತು. ಅದರಲ್ಲಿದ್ದ ಕರುಣ್ ಉಳಿದದ್ದೇ ಹೆಚ್ಚು. ನವೆಂಬರ್‌ನಲ್ಲಿ ಮೊಹಾಲಿಯಲ್ಲಿ ಟೆಸ್ಟ್ ಕ್ಯಾಪ್ ಸಿಕ್ಕಿತು, 4 ರನ್ನಿಗೆ ರನೌಟ್ ಆದರು. ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ಎದುರು 381 ಎಸೆತಗಳಲ್ಲಿ ಔಟಾಗದೆ 303. ಭಾರತದ ಪರ ತ್ರಿಶತಕ ಹೊಡೆದವರು ಅದಕ್ಕೆ ಮೊದಲು ವೀರೇಂದ್ರ ಸೆಹ್ವಾಗ್ ಒಬ್ಬರೇ. ಮೊದಲ ಟೆಸ್ಟ್ ಶತಕವನ್ನೇ ತ್ರಿಶತಕವಾಗಿಸಿದವರು ಜಗತ್ತಿನಲ್ಲಿ ಮೂವರು: ಗ್ಯಾರಿ ಸೋಬರ್ಸ್, ಬಾಬ್ ಸಿಂಪ್ಸನ್, ಕರುಣ್ ನಾಯರ್. ಅದೇ ಇನಿಂಗ್ಸ್‌ನಲ್ಲಿ ರಾಹುಲ್ 199ಕ್ಕೆ ಔಟಾದರು. ಭಾರತ 7 ವಿಕೆಟ್‌ಗೆ 759 ರನ್ ಮಾಡಿ ಡಿಕ್ಲೇರ್ ಮಾಡಿತು.

ಮುಂದಿನ ಟೆಸ್ಟ್ 2017ರ ಫೆಬ್ರುವರಿಯಲ್ಲಿ ಹೈದರಾಬಾದ್‌ನಲ್ಲಿ, ಬಾಂಗ್ಲಾದೇಶದ ಎದುರು. ಆಡುವ ಹನ್ನೊಂದರಲ್ಲಿ ಕರುಣ್ ಇರಲಿಲ್ಲ.

ಈ ಸಂಗತಿ ಕೇಳಿದವರು ಇಂದಿಗೂ ಅನ್ಯಾಯ ಎನ್ನುತ್ತಾರೆ. ನನಗೆ ಅಷ್ಟು ಸುಲಭವಾಗಿ ಹಾಗೆ ಅನ್ನಲು ಬಾಯಿ ಬರುವುದಿಲ್ಲ. ಚೆನ್ನೈನಲ್ಲಿ ಕರುಣ್ ಆಡಿದ್ದು ಗಾಯಗೊಂಡಿದ್ದ ಅಜಿಂಕ್ಯ ರಹಾನೆಯವರ ಜಾಗದಲ್ಲಿ. ರಹಾನೆ ಗುಣವಾಗಿ ಬಂದರು, ಜಾಗ ಅವರಿಗೆ ಹಿಂದಿರುಗಿತು. ಬೇರೊಬ್ಬರ ಮನೆಯಲ್ಲಿ ಬಾಡಿಗೆಗಿದ್ದು ಮುನ್ನೂರು ರನ್ ಹೊಡೆದರೂ ಮನೆ ನಮ್ಮದಾಗುವುದಿಲ್ಲ. ತಪ್ಪಾದದ್ದು ಅದರ ನಂತರ. ಆಸ್ಟ್ರೇಲಿಯಾ ಎದುರು ಮೂರು ಟೆಸ್ಟ್ ಕೊಟ್ಟರು, ನಾಲ್ಕು ಇನಿಂಗ್ಸ್‌ಗಳಲ್ಲಿ ದೊಡ್ಡ ಮೊತ್ತ ಬರಲಿಲ್ಲ. 2017ರ ಮಾರ್ಚ್‌ನ ಧರ್ಮಶಾಲಾ ಟೆಸ್ಟ್‌ ಆದಮೇಲೆ ಬಾಗಿಲು ಮುಚ್ಚಿತು. 2018ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಕರೆದೊಯ್ದರು. ನಾಲ್ಕು ಟೆಸ್ಟ್ ಬೆಂಚಿನಲ್ಲೇ ಕಳೆಯಿತು. ಓವಲ್‌ನ ಐದನೇ ಟೆಸ್ಟ್‌ನಲ್ಲಿ ಬ್ಯಾಟ್ಸ್‌ಮನ್ ಒಬ್ಬರಿಗೆ ಜಾಗ ತೆರವಾದಾಗ, ಸರಣಿಯ ನಡುವೆ ಬಂದು ಸೇರಿದ ಹನುಮ ವಿಹಾರಿಗೆ ಕ್ಯಾಪ್ ಕೊಟ್ಟರು. ವಿಹಾರಿ ಆಗ ನಮ್ಮ ಆಂಧ್ರ ತಂಡದವರು, ಅಂದು ಅರ್ಧಶತಕ ಹೊಡೆದರು. ಅನಂತಪುರದ ಕಡೆ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಬೆಂಚಿನಲ್ಲಿ ಕೂತಿದ್ದವರ ನೆನಪು ಬಂದದ್ದು ಆಮೇಲೆ.

ಕರ್ನಾಟಕದಲ್ಲಿ ಜಾಗ ಇನ್ನೂ ಇತ್ತು. 2019–20ರಲ್ಲಿ ರಣಜಿ ತಂಡದ ನಾಯಕರೂ ಆಗಿದ್ದರು. ಮುಂದೆ ರನ್ ಬತ್ತಿತು. 2022–23ರ ಹೊತ್ತಿಗೆ ರಾಜ್ಯ ತಂಡದ ಪಟ್ಟಿಯಿಂದಲೂ ಹೆಸರು ಹೋಯಿತು. ಆ ಡಿಸೆಂಬರ್ 10ರಂದು ಅವರು ಟ್ವಿಟರ್‌ನಲ್ಲಿ ಒಂದು ಸಾಲು ಬರೆದರು. ಕ್ರಿಕೆಟ್ಟನ್ನೇ ಕರೆದು, ಇನ್ನೊಂದು ಅವಕಾಶ ಕೊಡು ಎಂದು ಬೇಡಿಕೊಂಡ ಸಾಲು. ಬೇಡಿಕೊಂಡದ್ದು ಆಯ್ಕೆಗಾರರನ್ನಲ್ಲ, ಆಟವನ್ನು. ತ್ರಿಶತಕ ಹೊಡೆದವರು ಹಾಗೆ ಬರೆಯಬೇಕಾದರೆ ಮನೆಯಲ್ಲಿ ಕೂತ ಆ ತಿಂಗಳುಗಳು ಹೇಗಿದ್ದವೋ ಎಂದು ಯೋಚಿಸಿ ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ.

ಮನೆಯಲ್ಲಿ ಕೂರುವುದೆಂದರೆ ಬರೀ ಮಾನಸಿಕ ನೋವಲ್ಲ. ರಣಜಿ ಆಟಗಾರರ ಸಂಬಳ ದಿನಗೂಲಿಯ ಲೆಕ್ಕದ್ದು. 2021ರ ಪರಿಷ್ಕರಣೆಯಂತೆ 40ಕ್ಕೂ ಹೆಚ್ಚು ಪಂದ್ಯ ಆಡಿದವರಿಗೆ ದಿನಕ್ಕೆ 60,000 ರೂಪಾಯಿ, ಕಡಿಮೆ ಆಡಿದವರಿಗೆ ಕ್ರಮವಾಗಿ 50,000, 40,000. ಐಪಿಎಲ್ ಕೋಟಿಗಳ ಮಾತು ಕೇಳಿ ಕ್ರಿಕೆಟಿಗರೆಲ್ಲ ಸಿರಿವಂತರೆಂದು ನಾವು ಅಂದುಕೊಳ್ಳುತ್ತೇವೆ. ರಾಜ್ಯ ತಂಡದಿಂದ ಬಿದ್ದವರಿಗೆ ಪಂದ್ಯವೂ ಇಲ್ಲ, ಕೂಲಿಯೂ ಇಲ್ಲ, ಯಾರಾದರೂ ಬಂದು ನೋಡುವ ಸಾಧ್ಯತೆಯೂ ಇಲ್ಲ.

ಆಗ ಉಳಿಯುವ ದಾರಿಯೇ ಟಿ.ಸಿ. ಕ್ರಿಕೆಟ್‌ನಲ್ಲಿ ಅದರ ಹೆಸರು ಎನ್‌ಒಸಿ, ನಿರಾಕ್ಷೇಪಣಾ ಪತ್ರ. ತವರು ಸಂಸ್ಥೆ ನಮ್ಮ ಆಕ್ಷೇಪಣೆ ಇಲ್ಲ ಎಂದು ಬರೆದುಕೊಟ್ಟರೆ ಆಟಗಾರ ಬೇರೆ ರಾಜ್ಯಕ್ಕೆ ಆಡಬಹುದು. ಅಲ್ಲಿ ಅವರು ಅತಿಥಿ ಆಟಗಾರ. ಒಂದು ರಾಜ್ಯ ಹೀಗೆ ಮೂವರನ್ನು ಮಾತ್ರ ಇಟ್ಟುಕೊಳ್ಳಬಹುದು. ಹೀಗಾಗಿ ಅತಿಥಿಯ ಮೇಲೆ ಎರಡು ಭಾರ. ಸ್ಥಳೀಯ ಹುಡುಗನೊಬ್ಬನ ಜಾಗ ಹಿಡಿದು ಕೂತವರು ಅವರು. ಊರಿನ ಹುಡುಗ 40 ಹೊಡೆದರೆ ಭೇಷ್ ಅನ್ನುತ್ತಾರೆ, ಅತಿಥಿ 40 ಹೊಡೆದರೆ ಇದಕ್ಕೇ ಕರೆಸಿದ್ದಾ ಅನ್ನುತ್ತಾರೆ.

ಕರ್ನಾಟಕದಿಂದ ಹೀಗೆ ಹೋದವರು ಹಲವರು. ರಾಬಿನ್ ಉತ್ತಪ್ಪ ಸೌರಾಷ್ಟ್ರಕ್ಕೆ, ಆಮೇಲೆ ಕೇರಳಕ್ಕೆ ಹೋದರು. ದಾವಣಗೆರೆಯ ವಿನಯ್ ಕುಮಾರ್ ಪುದುಚೇರಿಗೆ. ಶ್ರೇಯಸ್ ಗೋಪಾಲ್ ಒಂದು ವರ್ಷ ಕೇರಳಕ್ಕೆ ಹೋಗಿ ಮರಳಿದರು. ಇನ್ನೊಬ್ಬ ದಾವಣಗೆರೆಯವರು ಗಣೇಶ್ ಸತೀಶ್, ವಿದರ್ಭಕ್ಕೆ ಹೋದವರು. ಈ ಕಥೆಯಲ್ಲಿ ಅವರದು ಮುಖ್ಯ ಪಾತ್ರ. 2017ರ ಡಿಸೆಂಬರ್‌ನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಕರ್ನಾಟಕ–ವಿದರ್ಭ ರಣಜಿ ಸೆಮಿಫೈನಲ್ ನಡೆಯಿತು. ಕರ್ನಾಟಕದ ಮೊದಲ ಇನಿಂಗ್ಸ್‌ನಲ್ಲಿ ಕರುಣ್ 153. ವಿದರ್ಭದ ಎರಡನೇ ಇನಿಂಗ್ಸ್‌ನಲ್ಲಿ ಗಣೇಶ್ ಸತೀಶ್ 81, ಅದೂ ತಮ್ಮ ಹಳೆಯ ತಂಡದ ಎದುರು. ಗೆಲ್ಲಲು 198 ಬೇಕಿದ್ದ ಕರ್ನಾಟಕವನ್ನು ವೇಗಿ ರಜನೀಶ್ ಗುರ್ಬಾನಿ 192ಕ್ಕೆ ಕಟ್ಟಿಹಾಕಿದರು. ಐದೇ ರನ್ ಸೋಲು. ವಿದರ್ಭ ಮುಂದೆ ದೆಹಲಿಯನ್ನು ಮಣಿಸಿ ಮೊದಲ ಸಲ ರಣಜಿ ಗೆದ್ದಿತು, ಮರುವರ್ಷವೂ ಗೆದ್ದಿತು. ಆ ಎರಡನೆಯ ವರ್ಷ ಆ ತಂಡಕ್ಕೆ 1,037 ರನ್ ತಂದುಕೊಟ್ಟವರು ಮುಂಬೈ ಬಿಟ್ಟು ಬಂದಿದ್ದ ನಲವತ್ತರ ವಾಸಿಂ ಜಾಫರ್. ಹೊರಗಿನಿಂದ ಬಂದವರಿಗೆ ಜಾಗ ಕೊಟ್ಟು, ಅವರನ್ನು ನಂಬಿ ಕಾಯುವುದು ವಿದರ್ಭ ತಂಡದ ತವರು ನಾಗಪುರದ ರೂಢಿ. 2023ರ ಆಗಸ್ಟ್‌ನಲ್ಲಿ ಕರುಣ್ ಸೇರಿದ್ದು ಆ ಶಾಲೆಗೆ.

ಇಲ್ಲಿಂದ ಮುಂದಿನದನ್ನು ಎಲ್ಲರೂ ಪವಾಡದಂತೆ ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ, ಯಾಕೆಂದರೆ ಮೊದಲ ವರ್ಷ ಪವಾಡ ಏನೂ ನಡೆಯಲಿಲ್ಲ. 2023–24ರ ರಣಜಿಯಲ್ಲಿ ಕರುಣ್ ಹತ್ತು ಪಂದ್ಯಗಳಲ್ಲಿ 690 ರನ್ ಹೊಡೆದರು, ಸರಾಸರಿ 40ರ ಆಸುಪಾಸು. ಚೆನ್ನಾಗಿಯೇ ಇದೆ, ಆದರೆ ದೇಶ ತಿರುಗಿ ನೋಡುವಂಥದ್ದಲ್ಲ. ವಾಂಖೆಡೆಯ ಫೈನಲ್‌ನಲ್ಲಿ ಮುಂಬೈ 538ರ ಗುರಿ ಒಡ್ಡಿದಾಗ 74 ಹೊಡೆದು ನಾಯಕ ಅಕ್ಷಯ್ ವಾಡ್ಕರ್ ಜೊತೆ ಹೋರಾಡಿದರು. ತಂಡ 169 ರನ್ನುಗಳಿಂದ ಸೋತಿತು. ಅದರ ಹಿಂದೆಮುಂದೆ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಕೌಂಟಿಗೂ ಹೋಗಿ ಆಡಿದರು. 2023ರ ಸೆಪ್ಟೆಂಬರ್‌ನಲ್ಲಿ ಸರ್ರೆ ಎದುರು 150, 2024ರಲ್ಲಿ ಗ್ಲಾಮರ್ಗನ್ ಎದುರು ಔಟಾಗದೆ 202. ಆ ಆಗಸ್ಟ್‌ನಲ್ಲಿ ಕರ್ನಾಟಕದ ಟಿ20 ಲೀಗ್ ಮಹಾರಾಜ ಟ್ರೋಫಿಯಲ್ಲಿ ಮೈಸೂರು ವಾರಿಯರ್ಸ್ ನಾಯಕರಾಗಿ, ಮಂಗಳೂರು ತಂಡದ ಎದುರು 48 ಎಸೆತಗಳಲ್ಲಿ ಔಟಾಗದೆ 124 ಹೊಡೆದರು. ತಂಡ ಕಪ್ ಗೆದ್ದಿತು.

ಆ ಮಧ್ಯಮ ದರ್ಜೆಯ ಮೊದಲ ವರ್ಷದ ನಂತರವೂ ವಿದರ್ಭದವರು ಕರುಣ್ ಜಾಗ ಕಸಿಯಲಿಲ್ಲ. ಬದಲಿಗೆ ಏಕದಿನ ತಂಡದ ನಾಯಕತ್ವವನ್ನೇ ಅತಿಥಿಯ ಕೈಗೆ ಕೊಟ್ಟರು. ದಾಖಲೆಯ ಬೀಜ ಬಿದ್ದದ್ದು ಇಲ್ಲಿ ಎಂದು ನನ್ನ ನಂಬಿಕೆ. ನಾಳೆಯೂ ಇದೇ ಕ್ರಮಾಂಕದಲ್ಲಿ ಬ್ಯಾಟ್ ಹಿಡಿಯುತ್ತೇನೆ ಎಂದು ಗೊತ್ತಿರುವ ಬ್ಯಾಟ್ಸ್‌ಮನ್ ಆಡುವ ಹೊಡೆತವೇ ಬೇರೆ, ಇದೇ ಕೊನೆಯ ಅವಕಾಶವೇನೋ ಎಂದು ಅಂಜುತ್ತಾ ಆಡುವ ಹೊಡೆತವೇ ಬೇರೆ.

2024ರ ಡಿಸೆಂಬರ್ 23, ವಿಜಯ್ ಹಜಾರೆ ಟ್ರೋಫಿ. ಜಮ್ಮು ಕಾಶ್ಮೀರದ ಎದುರು ಔಟಾಗದೆ 112. ಛತ್ತೀಸ್‌ಗಢದ ಎದುರು ಔಟಾಗದೆ 44. ಚಂಡೀಗಢದ ಎದುರು ಔಟಾಗದೆ 163. ತಮಿಳುನಾಡಿನ ಎದುರು ಔಟಾಗದೆ 111. 2025ರ ಜನವರಿ 3ರಂದು ಆಂಧ್ರದ ವಿಜಯನಗರಂನಲ್ಲಿ ಉತ್ತರ ಪ್ರದೇಶದ ಎದುರು 112 ಹೊಡೆದು ಕೊನೆಗೂ ಔಟಾದರು. ಅವೆಲ್ಲ ಕೂಡಿದರೆ 542. ಒಂದು ಔಟಿನಿಂದ ಇನ್ನೊಂದು ಔಟಿನವರೆಗೆ, ಲಿಸ್ಟ್ 'ಎ' ದರ್ಜೆಯ ಏಕದಿನ ಪಂದ್ಯಗಳಲ್ಲಿ ಜಗತ್ತಿನ ಯಾರೂ ಅಷ್ಟು ಕೂಡಿಸಿರಲಿಲ್ಲ. ನ್ಯೂಜಿಲೆಂಡ್‌ನ ಜೇಮ್ಸ್ ಫ್ರ್ಯಾಂಕ್ಲಿನ್ 2010ರಲ್ಲಿ 527 ರನ್ ಗಳಿಸಿ ನಿಲ್ಲಿಸಿದ್ದ ದಾಖಲೆ ಅದು.

ಈ ದಾಖಲೆಯ ಗುಣ ಸ್ವಲ್ಪ ಬೇರೆ. ಒಂದೇ ದಿನ ಮೈಮೇಲೆ ದೇವರು ಬಂದ ಹಾಗೆ ಆಡಿದರೆ 303 ಆಗಬಹುದು. 542 ಹಾಗೆ ಆಗುವುದಿಲ್ಲ. ಅದಕ್ಕೆ ಐದು ಬೆಳಗುಗಳು, ಐದು ಬೇರೆ ಬೌಲಿಂಗ್ ಪಡೆಗಳು ಬೇಕು. ಹೊಸದಾಗಿ ಶೂನ್ಯದಿಂದ ಶುರುಮಾಡುವಾಗ ನಿನ್ನೆಯ ರನ್ ಸಹಾಯಕ್ಕೆ ಬರುವುದಿಲ್ಲ. ಏಕದಿನ ಪಂದ್ಯದಲ್ಲಿ ಅಜೇಯರಾಗಿ ಉಳಿಯಬೇಕೆಂದರೆ ಇನ್ನೊಂದು ಲೆಕ್ಕವೂ ಉಂಟು. ನಿಧಾನವಾಗಿ ಆಡಿ ಉಳಿದರೆ ತಂಡ ಸೋಲುತ್ತದೆ, ಬೀಸಿದರೆ ವಿಕೆಟ್ ಹೋಗುತ್ತದೆ. ಆ ಎರಡರ ನಡುವಿನ ಕಿರುದಾರಿಯಲ್ಲಿ ಕರುಣ್ ಹನ್ನೆರಡು ದಿನ ನಡೆದರು. ತಂಡ ಗೆಲ್ಲುತ್ತಲೇ ಹೋಯಿತು.

ಕ್ವಾರ್ಟರ್‌ಫೈನಲ್‌ನಲ್ಲಿ ರಾಜಸ್ಥಾನದ ಎದುರು ಔಟಾಗದೆ 122 ಹೊಡೆದರು. ಸತತ ನಾಲ್ಕನೇ ಶತಕ, ಟೂರ್ನಿಯ ಐದನೆಯದು. ಸೆಮಿಫೈನಲ್‌ನಲ್ಲಿ ಮಹಾರಾಷ್ಟ್ರದ ಎದುರು 44 ಎಸೆತಗಳಲ್ಲಿ ಔಟಾಗದೆ 88. ಆ ಇನಿಂಗ್ಸ್‌ನ ಕೊನೆಯ ಓವರ್‌ನಲ್ಲಿ 24 ರನ್ ಕೊಟ್ಟ ಬೌಲರ್ ಯಾರು ಗೊತ್ತೇ? ಕೋಲ್ಕತ್ತದಲ್ಲಿ ಕರ್ನಾಟಕವನ್ನು ಐದು ರನ್ನಿನಿಂದ ಸೋಲಿಸಿದ್ದ ಅದೇ ರಜನೀಶ್ ಗುರ್ಬಾನಿ. ಅವರೂ ಟಿ.ಸಿ. ತಗೊಂಡು ಮಹಾರಾಷ್ಟ್ರ ಸೇರಿದ್ದರು. ಸಚಿನ್ ತೆಂಡೂಲ್ಕರ್ ಆ ವಾರ ಕರುಣ್ ಹೆಸರೆತ್ತಿ ಮೆಚ್ಚಿ ಬರೆದರು. ಫೈನಲ್‌ನ 27 ಸೇರಿ ಎಂಟು ಇನಿಂಗ್ಸ್‌ಗಳಲ್ಲಿ 779 ರನ್ ಆಯಿತು. ಔಟಾದದ್ದು ಎರಡೇ ಸಲವಾದ್ದರಿಂದ ಸರಾಸರಿ 389.5. ಅಕ್ಕನ ಮಗ ಆ ಅಂಕಿಯನ್ನು ಅಚ್ಚಿನ ತಪ್ಪೆಂದೇ ತಿಳಿದಿದ್ದ. ಕಾಗದದ ಮೇಲೆ ಭಾಗಿಸಿ ತೋರಿಸಬೇಕಾಯಿತು.

ರಣಜಿ ಇನ್ನೂ ಬಾಕಿಯಿತ್ತು. ಫೈನಲ್ ನಾಗಪುರದ ಜಾಮ್ತಾ ಮೈದಾನದಲ್ಲಿ ಫೆಬ್ರುವರಿ 26ರಿಂದ, ಕೇರಳದ ಎದುರು. 24 ರನ್ನಿಗೆ ಮೂರು ವಿಕೆಟ್ ಬಿದ್ದಾಗ ಯುವಕ ದಾನಿಶ್ ಮಾಲೇವಾರ್ ಜೊತೆ ಕರುಣ್ ನಿಂತರು. ಇಬ್ಬರೂ 215 ರನ್ ಸೇರಿಸಿದರು. ದಾನಿಶ್ 153, ಕರುಣ್ 86ಕ್ಕೆ ರನೌಟ್. ಎರಡನೇ ಇನಿಂಗ್ಸ್‌ನಲ್ಲಿ ಕರುಣ್ 135. ಶತಕ ಮುಟ್ಟಿದಾಗ ಒಂಬತ್ತು ಬೆರಳು ಎತ್ತಿ ತೋರಿಸಿದರು, ಆ ಋತುವಿನ ಒಂಬತ್ತನೇ ಶತಕವೆಂದು. ಮೊದಲ ಇನಿಂಗ್ಸ್‌ನ 37 ರನ್ ಮುನ್ನಡೆಯಿಂದ ವಿದರ್ಭ ಮೂರನೇ ಸಲ ರಣಜಿ ಗೆದ್ದಿತು. ಕರುಣ್ ಅವರದು 863 ರನ್. ಅವರಿಗಿಂತ ಹೆಚ್ಚು, 960, ಹೊಡೆದ ಯಶ್ ರಾಥೋಡ್ ಅದೇ ತಂಡದವರು. ಒಂದೇ ರಣಜಿ ಋತುವಿನಲ್ಲಿ 69 ವಿಕೆಟ್ ಕಿತ್ತು ದಾಖಲೆ ಬರೆದ ಹರ್ಷ್ ದುಬೆ ಕೂಡ ಅದೇ ತಂಡದವರು. ಅತಿಥಿ ಬಂದದ್ದರಿಂದ ಸ್ಥಳೀಯರ ಅನ್ನ ಹೋಯಿತು ಎನ್ನುವವರು ಈ ಪಟ್ಟಿ ನೋಡಬೇಕು.

ಇಂಥ ಕಥೆ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲೂ ಉಂಟು. ಅಲ್ಲಿನ ಫುಟ್‌ಬಾಲ್ ನಮ್ಮದರಂತಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ, ಎಸೆಯುವ ಆಟ. ಚೆಂಡು ಯಾರಿಗೆ, ಯಾವ ಗಳಿಗೆಯಲ್ಲಿ ಎಂದು ತೀರ್ಮಾನಿಸಿ ಎಸೆಯುವವರು ಕ್ವಾರ್ಟರ್‌ಬ್ಯಾಕ್. ಮೈದಾನದಲ್ಲಿ ಆ ಜಾಗ ಒಂದೇ. ಎಷ್ಟೇ ಜಾಣರಿದ್ದರೂ ಎರಡನೆಯವರು ಬೆಂಚಿನ ಮೇಲೆ ಕೂರಬೇಕು. ಜೋ ಬರೋ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹಾಗೆ ಕೂತು ಕೂತು ಸಾಕಾಗಿ 2018ರಲ್ಲಿ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು. ಮೊದಲ ವರ್ಷ ಅವರ ಎಸೆತದಿಂದ ಬಂದ ಟಚ್‌ಡೌನ್, ಅಂದರೆ ಅಲ್ಲಿನ ಗೋಲು, 16, ಯಾರೂ ವಿಶೇಷವಾಗಿ ಮಾತಾಡಲಿಲ್ಲ. ಎರಡನೇ ವರ್ಷ 60. ದೊಡ್ಡ ಕಾಲೇಜುಗಳ ಆಟದಲ್ಲಿ ಅಲ್ಲಿಯವರೆಗೆ ಒಂದು ಋತುವಿನಲ್ಲಿ ಯಾರೂ ಅಷ್ಟು ಕಂಡಿರಲಿಲ್ಲ. 2020ರ ಜನವರಿಯಲ್ಲಿ ಕ್ಲೆಮ್ಸನ್ ತಂಡವನ್ನು 42–25ರಿಂದ ಸೋಲಿಸಿ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದರು. ಎರಡೇ ವರ್ಷದಲ್ಲಿ, 2021ರಲ್ಲಿ, 62 ಹೊಡೆದು ಆ ದಾಖಲೆ ಮುರಿದ ಬೇಲಿ ಜ್ಯಾಪಿ ಕೂಡ ಸಣ್ಣ ಕಾಲೇಜೊಂದರಿಂದ ವರ್ಗವಾಗಿ ಬಂದವರೇ. ಅಲ್ಲಿ 2018ರಿಂದ ಟ್ರಾನ್ಸ್‌ಫರ್ ಪೋರ್ಟಲ್ ಎಂಬ ಪಟ್ಟಿ ಇದೆ. ಹೊರಡಬೇಕೆನ್ನುವ ವಿದ್ಯಾರ್ಥಿ ತನ್ನ ಹೆಸರು ಸೇರಿಸಿದರೆ ಸಾಕು, ಬೇಕಾದ ಕಾಲೇಜು ಕರೆಯುತ್ತದೆ. ನಮ್ಮಲ್ಲಿ ಇನ್ನೂ ತವರು ಸಂಸ್ಥೆಯ ಸಹಿಗೆ ಕಾಯಬೇಕು.

ಬರೋ ಅವರ ಆ ಮೊದಲ ವರ್ಷ, ಕರುಣ್ ಅವರ 690 ರನ್ನಿನ ಮೊದಲ ವರ್ಷ, ನಾನು ಬಳ್ಳಾರಿಯ ಹಿಂದಿನ ಬೆಂಚಿನಲ್ಲಿ ಕಳೆದ ವರ್ಷ, ಮೂರೂ ನನಗೆ ಒಟ್ಟಿಗೆ ನೆನಪಾಗುತ್ತವೆ. ಬಳ್ಳಾರಿಯಲ್ಲಿ ಎರಡನೇ ವರ್ಷ ಕನ್ನಡ ಮೇಷ್ಟ್ರು ನನ್ನನ್ನು ಹೆಸರು ಹಿಡಿದು ಕರೆದರು. ಅಷ್ಟು ಸಾಕಾಯಿತು.

2025ರ ಏಪ್ರಿಲ್ 13ರಂದು ಐಪಿಎಲ್‌ನಲ್ಲಿ ಕರುಣ್ ಡೆಲ್ಲಿ ಪರ 40 ಎಸೆತಗಳಲ್ಲಿ 89 ಹೊಡೆದರು. ಮೇ ಕೊನೆಗೆ ಕ್ಯಾಂಟರ್ಬರಿಯಲ್ಲಿ ಇಂಗ್ಲೆಂಡ್ ಲಯನ್ಸ್ ಎದುರು ಭಾರತ 'ಎ' ಪರ 204. ಜೂನ್ 20ರಂದು ಲೀಡ್ಸ್‌ನಲ್ಲಿ, ಎಂಟು ವರ್ಷ ಮೂರು ತಿಂಗಳ ನಂತರ, ಮತ್ತೆ ಭಾರತದ ಟೆಸ್ಟ್ ಟೋಪಿ ತೊಟ್ಟರು. ಸೊನ್ನೆಗೆ ಔಟಾದರು. ಇದನ್ನು ಮುಚ್ಚಿಟ್ಟು ಕಥೆ ಹೇಳಬಾರದು. ಆ ಸರಣಿಯ ಎಂಟು ಇನಿಂಗ್ಸ್‌ಗಳಲ್ಲಿ 205 ರನ್ ಬಂತು, ಒಂದೇ ಅರ್ಧಶತಕ, ಮ್ಯಾಂಚೆಸ್ಟರ್ ಟೆಸ್ಟ್‌ಗೆ ಕೈಬಿಟ್ಟರು. ಆ ಅರ್ಧಶತಕ ಬಂದದ್ದು ಓವಲ್‌ನಲ್ಲಿ, ಏಳು ವರ್ಷದ ಹಿಂದೆ ಬೆಂಚಿನಲ್ಲಿ ಕೂತಿದ್ದ ಅದೇ ಮೈದಾನದಲ್ಲಿ. ಅಂದು ಬೌಂಡರಿ ತಡೆಯಲು ಹೋದ ಕ್ರಿಸ್ ವೋಕ್ಸ್ ಭುಜಕ್ಕೆ ಪೆಟ್ಟು ಬಿದ್ದು ನರಳುತ್ತಿದ್ದಾಗ, ಸಿಗುವಂತಿದ್ದ ನಾಲ್ಕನೇ ರನ್ನಿಗೆ ಕರುಣ್ ಓಡಲಿಲ್ಲ. ಒಂದೊಂದು ರನ್ನೂ ತಮ್ಮ ಜಾಗ ಉಳಿಸುವ ಹೊತ್ತಿನಲ್ಲಿ ಅದನ್ನು ಬಿಟ್ಟವರು. ಅಕ್ಟೋಬರ್‌ನ ವೆಸ್ಟ್ ಇಂಡೀಸ್ ಸರಣಿಗೆ ಅವರ ಹೆಸರು ಇರಲಿಲ್ಲ.

ಅಷ್ಟರಲ್ಲಿ ಅವರು ನಾಗಪುರದಿಂದ ಹೊರಟು ಹಳೆಯ ಶಾಲೆಗೇ ಮರಳಿದ್ದರು. 2025–26ರ ರಣಜಿಗೆ ಕರ್ನಾಟಕ. ಸೌರಾಷ್ಟ್ರದ ಎದುರು 73. ಶಿವಮೊಗ್ಗದಲ್ಲಿ ಗೋವಾ ಎದುರು, ತಂಡದ ಮೊತ್ತದ ಹೆಚ್ಚುಕಡಿಮೆ ಅರ್ಧ ತಾವೊಬ್ಬರೇ ಹೊತ್ತು, ಔಟಾಗದೆ 174. ಕೇರಳಕ್ಕೆ ಹೋಗಿ, ಅಪ್ಪ ಅಮ್ಮನ ನಾಡಿನ ತಂಡದ ಎದುರು 233. ಅಲ್ಲಿ ಇನ್ನೊಂದು ತುದಿಯಲ್ಲಿದ್ದು ಔಟಾಗದೆ 220 ಹೊಡೆದ ಆರ್. ಸ್ಮರಣ್, ವಡೋದರದ ಫೈನಲ್‌ನಲ್ಲಿ ಕರುಣ್ ತಂಡದ ಎದುರು ಶತಕ ಹೊಡೆದಿದ್ದ ಹುಡುಗ.

ಅಂದು ರಾತ್ರಿ ಅಕ್ಕನ ಮಗ ಫೋನ್ ಮಾಡಿದ್ದ. ಈಗ ಅವನು ಹತ್ತನೇ ತರಗತಿ. ಈ ಸಲ ಯಾರ ಕಡೆ ಎಂದು ಕೇಳಲಿಲ್ಲ. ಊರಿನ ತಂಡಕ್ಕೆ ಅವನೇ ವಿಕೆಟ್‌ಕೀಪರ್. ಪರೀಕ್ಷೆ ಮುಗಿದರೆ ಜೂನ್‌ನಲ್ಲಿ ಸಿರಾದ ಕಾಲೇಜು.

"ಮಾವ, ಅಲ್ಲಿ ಮೊದ್ಲೇ ಕೀಪರ್ ಇದ್ರೆ?"

ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ. ಮುಂದಿನ ವಾರ ಸಿರಾಕ್ಕೆ ಹೋಗುವ ಕೆಲಸವಿದೆ.